ಲಾಲ್‌ಬಾಗ್ ಬಂಡೆಗೆ ಎಷ್ಟು ವಯಸ್ಸು? ಎಲ್ಲಿಂದ ಎಣಿಸೋಣ?

ಲಾಲ್‌ಬಾಗಿನ ಬಂಡೆ ಹತ್ತದ ಬೆಂಗಳೂರಿಗರು ಕಡಿಮೆ. ಬೆಳಗಿನ ವಾಕಿಂಗಿಗೆ ಬಂದವರು ಕೆಂಪೇಗೌಡರ ಗೋಪುರದವರೆಗೆ ಹೋಗಿ, ಏದುಸಿರು ಬಿಡುತ್ತ ಐದು ನಿಮಿಷ ಕೂತು ಇಳಿಯುತ್ತಾರೆ. ಕೂತದ್ದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮೇಲೆ. ಆ ಕಲ್ಲಿನ ವಯಸ್ಸು ಕೇಳಿದರೆ ತಿಳಿದವರು "ಮುನ್ನೂರು ಕೋಟಿ ವರ್ಷ" ಅಂದುಬಿಡುತ್ತಾರೆ. ಆದರೆ ಈ ಜಾತಿಯ ಕಲ್ಲಿಗೆ, ಅಂದರೆ ಪೆನಿನ್ಸುಲರ್ ನೈಸ್‌ಗೆ, ಭೂವಿಜ್ಞಾನಿಗಳು ಕೊಡುವ ಲೆಕ್ಕ 250 ಕೋಟಿಯಿಂದ 340 ಕೋಟಿ ವರ್ಷ. ನಡುವೆ ತೊಂಬತ್ತು ಕೋಟಿ ವರ್ಷದ ಅಂತರ! ಇದೇನು, ವಿಜ್ಞಾನಿಗಳು ಅಂದಾಜಿಗೆ ಹೊಡೆಯುತ್ತಿದ್ದಾರೆಯೇ ಎಂದು ಯಾರಿಗಾದರೂ ಅನ್ನಿಸಬೇಕು.

ಅಂದಾಜಿನದಲ್ಲ, ತಾಪತ್ರಯ ಇರುವುದು ನಮ್ಮ ಪ್ರಶ್ನೆಯಲ್ಲಿ. ಊರಿನ ಹಳೇ ಮನೆಯೊಂದನ್ನು ನೆನೆಸಿಕೊಳ್ಳಿ. ಅಡಿಪಾಯ ಮುತ್ತಜ್ಜನ ಕಾಲದ್ದು. ಮಂಗಳೂರು ಹೆಂಚು ಅಜ್ಜ ಹೊದಿಸಿದ್ದು. ನೆಲಕ್ಕೆ ರೆಡ್ ಆಕ್ಸೈಡ್ ಬಂದದ್ದು ಅಪ್ಪನ ಮದುವೆಯ ವರ್ಷ. ಹೆಬ್ಬಾಗಿಲಿನ ಚೌಕಟ್ಟು ಮಾತ್ರ ಬಿದ್ದುಹೋದ ಇನ್ಯಾವುದೋ ಮನೆಯಿಂದ ಕಿತ್ತು ತಂದದ್ದು, ಅಡಿಪಾಯಕ್ಕಿಂತಲೂ ಹಳೆಯದು. ಈಗ "ಈ ಮನೆಗೆ ಎಷ್ಟು ವರ್ಷ?" ಎಂದು ಕೇಳಿದರೆ ನಾಲ್ಕು ಉತ್ತರ ಬರುತ್ತವೆ, ನಾಲ್ಕೂ ಸರಿ. ಕಲ್ಲಿನ ವಿಷಯದಲ್ಲೂ ಅಷ್ಟೆ. ಖಂಡದ ವಿಷಯದಲ್ಲೂ ಅಷ್ಟೆ. ಭೂಮಿ ಪೂರ್ತಿಯ ವಿಷಯಕ್ಕೆ ಬಂದರೂ ಈ ಗಂಟು ಬಿಡುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಯಂತ್ರವೇನೂ ಬೇಕಿಲ್ಲ, ಕಣ್ಣು ಸಾಕು. ಲಾಲ್‌ಬಾಗ್ ಬಂಡೆಯಲ್ಲಿ ಅಲ್ಲಲ್ಲಿ ಕಪ್ಪಗಿನ ತುಣುಕುಗಳು ಹೂತುಕೊಂಡಿರುವುದು ಕಾಣುತ್ತದೆ. ಪಾಯಸದೊಳಗಿನ ದ್ರಾಕ್ಷಿ ಪಾಯಸಕ್ಕಿಂತ ಮೊದಲೇ ಇದ್ದಿರಬೇಕು. ಹಾಗೆಯೇ ಆ ಕಪ್ಪು ತುಣುಕುಗಳು ಸುತ್ತಲಿನ ಬಂಡೆಗಿಂತ ಹಳೆಯವು. ಆದರೆ ಈ ಬಗೆಯ ತರ್ಕ ಎಷ್ಟು ಜಗಳ ಹುಟ್ಟಿಸಬಲ್ಲದು ಎನ್ನುವುದಕ್ಕೆ ನಮ್ಮ ನೆಲವೇ ಸಾಕ್ಷಿ. ಧಾರವಾಡ ಎಂಬ ಹೆಸರನ್ನು ಶಿಲಾಸಮೂಹವೊಂದಕ್ಕೆ ಇಟ್ಟವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ನೈಸ್ ಬಂಡೆ ತಳಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಕೂತವು ಎಂಬುದು ಅವರ ಎಣಿಕೆ. ಅವರ ನಂತರ ಬಂದ ಡಬ್ಲ್ಯೂ. ಎಫ್. ಸ್ಮೀತ್ ಇದನ್ನು ತಲೆಕೆಳಗು ಮಾಡಿದರು. ಕರಗಿದ ನೈಸ್ ಧಾರವಾಡ ಶಿಲೆಗಳನ್ನು ಸೀಳಿಕೊಂಡು ನುಗ್ಗಿದ ಗುರುತು ಇದೆ, ಆದ್ದರಿಂದ ನೈಸ್ ಕಿರಿಯದು ಎಂದರು. ಒಬ್ಬರು ತೋರಿಸುವ ಜಾಗದಲ್ಲಿ ಒಂದು ಸತ್ಯ, ಇನ್ನೊಬ್ಬರು ತೋರಿಸುವ ಜಾಗದಲ್ಲಿ ಇನ್ನೊಂದು. ದಶಕಗಳ ಕಾಲ ಇದು ಬಗೆಹರಿಯಲಿಲ್ಲ. ಯಾರು ಗೆದ್ದರು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಗಡಿಯಾರವಿಲ್ಲದೆ ಈ ಜಗಳ ತೀರುವಂತಿರಲಿಲ್ಲ ಎಂಬುದಷ್ಟೇ ಸದ್ಯಕ್ಕೆ ಸಾಕು.

ಗಡಿಯಾರಕ್ಕಾಗಿ ಹುಡುಕಾಟ ಬ್ರಿಟನ್ನಿನಲ್ಲಿ ಜೋರಾಗಿಯೇ ನಡೆದಿತ್ತು. ಗಣಿಯೊಳಗೆ ಇಳಿದಷ್ಟೂ ಸೆಕೆ ಹೆಚ್ಚುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ಆಳದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಭೂಮಿ ಕೆಂಡದಂತಿದ್ದು ಆರುತ್ತ ಬಂದಿದೆ, ಆರಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕಿದರೆ ವಯಸ್ಸು ಸಿಗುತ್ತದೆ ಎಂದು ಲಾರ್ಡ್ ಕೆಲ್ವಿನ್ 1862ರಲ್ಲಿ ಹೊರಟರು. ಮೊದಲು ಬಂದ ಉತ್ತರ 2 ಕೋಟಿಯಿಂದ 40 ಕೋಟಿ ವರ್ಷ. 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದ್ದರು. ಸಮುದ್ರದ ಉಪ್ಪನ್ನು ನದಿಗಳು ತಂದು ಸುರಿಯುವ ಲೆಕ್ಕದಲ್ಲಿ ಜಾನ್ ಜೋಲಿ 1899ರಲ್ಲಿ 8ರಿಂದ 9 ಕೋಟಿ ಎಂದರು.

ಕೆಲ್ವಿನ್ ಸೋತದ್ದು ವಿಕಿರಣಶೀಲತೆಯ ಶಾಖ ಅವರಿಗೆ ಗೊತ್ತಿಲ್ಲದ ಕಾರಣಕ್ಕೆ ಎಂದು ಪಠ್ಯಪುಸ್ತಕದ ಧಾಟಿಯಲ್ಲಿ ಹೇಳುವುದುಂಟು. ಅದು ಅರ್ಧ ನಿಜ. ಅವರದೇ ಹಳೆಯ ಸಹಾಯಕ ಜಾನ್ ಪೆರಿ 1895ರಲ್ಲೇ ದೊಡ್ಡ ತೂತನ್ನು ತೋರಿಸಿದ್ದರು. ಗಟ್ಟಿ ಮುದ್ದೆ ಆರುವ ರೀತಿ ಬೇರೆ, ಒಳಗೊಳಗೇ ಮಗುಚಿಕೊಳ್ಳುವ ಅಂಬಲಿ ಆರುವ ರೀತಿ ಬೇರೆ. ಭೂಮಿಯ ಒಳಭಾಗ ನಿಧಾನಕ್ಕೆ ಹೊರಳುವಂಥದ್ದಾದರೆ ಅಡಿಯ ಬಿಸಿ ಮೇಲಕ್ಕೆ ಬರುತ್ತಲೇ ಇರುತ್ತದೆ, ಆಗ ಕೆಲ್ವಿನ್ ಲೆಕ್ಕ ಹತ್ತಾರು ಪಟ್ಟು ಹಿಗ್ಗುತ್ತದೆ ಎಂಬುದು ಪೆರಿಯ ವಾದ. ಆಗ ಕಿವಿಗೊಟ್ಟವರು ಕಡಿಮೆ.

1896ರಲ್ಲಿ ಬೆಕೆರೆಲ್ ಯುರೇನಿಯಂ ವಿಕಿರಣವನ್ನು ಕಂಡ ಮೇಲೆ ಆಟವೇ ಬದಲಾಯಿತು. ಇದರ ತಿರುಳನ್ನು ಒಗ್ಗರಣೆ ಸೌಟಿನಲ್ಲಿ ನೋಡಬಹುದು. ಕಾದ ಎಣ್ಣೆಗೆ ಸಾಸಿವೆ ಹಾಕಿದರೆ ಯಾವ ಕಾಳು ಯಾವಾಗ ಸಿಡಿಯುತ್ತದೆಂದು ಹೇಳಲಾಗದು, ಆದರೆ ಎಷ್ಟು ಹೊತ್ತಿಗೆ ಅರ್ಧದಷ್ಟು ಸಿಡಿದಿರುತ್ತವೆ ಎಂದು ಅಡುಗೆ ಮಾಡುವವರು ಹೇಳಬಲ್ಲರು. ಯುರೇನಿಯಂ ಪರಮಾಣುಗಳೂ ಹೀಗೆ. ಒಂದೊಂದರ ಹಣೆಬರಹ ಗೊತ್ತಾಗದು, ಗುಂಪಿನದು ಗೊತ್ತು. ಯುರೇನಿಯಂ 238ರ ಅರ್ಧದಷ್ಟು 447 ಕೋಟಿ ವರ್ಷದಲ್ಲಿ ಸೀಸ 206 ಆಗುತ್ತದೆ. ಅದರ ತಮ್ಮ ಯುರೇನಿಯಂ 235ಕ್ಕೆ ಆತುರ ಹೆಚ್ಚು, 70.4 ಕೋಟಿ ವರ್ಷಕ್ಕೇ ಅರ್ಧ ಮುಗಿದು ಸೀಸ 207 ಆಗಿಬಿಡುತ್ತದೆ. ಸಾಸಿವೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ: ಉರಿ ಹೆಚ್ಚಿಸಿದರೆ ಸಾಸಿವೆ ಬೇಗ ಸಿಡಿಯುತ್ತದೆ, ಯುರೇನಿಯಂಗೆ ಅದರ ಪರಿವೆಯೇ ಇಲ್ಲ. ಕಲ್ಲು ಕಾಯಲಿ, ನೂರು ಬೆಟ್ಟಗಳ ಭಾರ ಬೀಳಲಿ, ಅದರ ವೇಗ ಅದೇ. ಗಡಿಯಾರಕ್ಕೆ ಬೇಕಾದ ಗುಣ ಇದೇ ತಾನೆ.

ಇಲ್ಲೇ ಒಂದು ಮಾತು. ಈ ವಿಷಯ ಎತ್ತಿದಾಗಲೆಲ್ಲ "ಕಾರ್ಬನ್ ಡೇಟಿಂಗ್ ಮಾಡ್ತಾರೆ ಅಲ್ವಾ?" ಎಂದು ಯಾರಾದರೂ ಕೇಳುತ್ತಾರೆ. ಇಲ್ಲ. ಕಾರ್ಬನ್ 14ರ ಅರ್ಧಾಯು, ಅಂದರೆ ಅರ್ಧದಷ್ಟು ಮುಗಿಯಲು ಬೇಕಾದ ಕಾಲ, 5,730 ವರ್ಷ. ಐವತ್ತು ಸಾವಿರ ವರ್ಷ ದಾಟಿದರೆ ಅಳೆಯಲು ಅದು ಉಳಿದೇ ಇರುವುದಿಲ್ಲ. ಅದು ಇದ್ದಿಲು, ಮೂಳೆ, ಬಟ್ಟೆಗಳ ಗಡಿಯಾರ. ಬಂಡೆಗೆ ಅದನ್ನು ಹಿಡಿಯುವುದು ಸ್ಟಾಪ್‌ವಾಚ್ ಹಿಡಿದು ಶತಮಾನ ಅಳೆದಂತೆ.

ಆರ್ಥರ್ ಹೋಮ್ಸ್ ಎಂಬ ಇಪ್ಪತ್ತೊಂದರ ಹುಡುಗ 1911ರಲ್ಲಿ ಯುರೇನಿಯಂ ಮತ್ತು ಸೀಸ ಅಳೆದು ಕಲ್ಲುಗಳ ವಯಸ್ಸಿನ ಪಟ್ಟಿ ಕೊಟ್ಟ. ಅದರಲ್ಲಿ ಅತಿ ಹಳೆಯದು ಸಿಲೋನಿನ ಮಾದರಿ, 164 ಕೋಟಿ ವರ್ಷ. ಒಂದೇ ಮೂಲವಸ್ತುವಿಗೆ ತೂಕ ಬೇರೆ ಬೇರೆಯಾದ ಹಲವು ರೂಪಗಳು, ಅಂದರೆ ಐಸೋಟೋಪ್‌ಗಳು, ಇರುತ್ತವೆ ಎಂಬುದೇ ಆಗಿನ್ನೂ ತಿಳಿದಿರಲಿಲ್ಲ, ಹಾಗಾಗಿ ಅಂಕಿಗಳು ಪಕ್ಕಾ ಅಲ್ಲ. ಆದರೂ ಕೆಲ್ವಿನ್ನರ 4 ಕೋಟಿ ಆ ದಿನ ಮುಗಿಯಿತು ಎನ್ನಬಹುದು.

ನಿಜವಾದ ತಲೆನೋವು ಬೇರೆಯೇ ಇತ್ತು. ಕಲ್ಲಿನಲ್ಲಿರುವ ಸೀಸವೆಲ್ಲ ಯುರೇನಿಯಂನಿಂದಲೇ ಬಂದದ್ದೇ? ಕಲ್ಲು ಹುಟ್ಟುವಾಗಲೇ ಒಂದಿಷ್ಟು ಇದ್ದಿರಬಹುದಲ್ಲ? ಆರಂಭದಲ್ಲಿ ಎಷ್ಟಿತ್ತೆಂದು ನೋಡಿದವರು ಯಾರೂ ಇಲ್ಲ. ಇದನ್ನು ಬಿಡಿಸಿದ ಉಪಾಯ ನನಗೆ ಇಡೀ ಭೂವಿಜ್ಞಾನದಲ್ಲೇ ಅತಿ ಚೆಂದದ್ದು ಅನ್ನಿಸುತ್ತದೆ, ಆದ್ದರಿಂದ ಕೊಂಚ ಎಳೆದು ಹೇಳುತ್ತೇನೆ.

ಅಣ್ಣತಮ್ಮಂದಿರು ಐವರು ಹಿಸ್ಸೆಯಾಗುತ್ತಾರೆ. ನಗದನ್ನು ಎಲ್ಲರಿಗೂ ಸಮ ಹಂಚಿದರು. ತೆಂಗಿನಮರಗಳನ್ನು ಮಾತ್ರ ಹೆಚ್ಚುಕಡಿಮೆ ಹಂಚಿದರು: ಒಬ್ಬನಿಗೆ ಐವತ್ತು, ಒಬ್ಬನಿಗೆ ಮೂವತ್ತು, ಹತ್ತು, ಐದು, ಕೊನೆಯವನಿಗೆ ಒಂದೂ ಇಲ್ಲ. ಪ್ರತಿ ಮರವೂ ವರ್ಷಕ್ಕೆ ಇಷ್ಟೇ ಎಂಬ ನಿಶ್ಚಿತ ಆದಾಯ ಕೊಡುತ್ತದೆ, ಯಾರೂ ಒಂದು ರೂಪಾಯಿಯನ್ನೂ ಖರ್ಚು ಮಾಡುವುದಿಲ್ಲ ಎಂದಿಟ್ಟುಕೊಳ್ಳಿ. ಎಷ್ಟೋ ವರ್ಷದ ಮೇಲೆ ನೀವು ಹೋಗಿ ಐವರ ಪೆಟ್ಟಿಗೆ ತೆರೆದು ನೋಡುತ್ತೀರಿ. ಹಿಸ್ಸೆ ಯಾವಾಗ ಆಯಿತೆಂದು ಗೊತ್ತಿಲ್ಲ, ಮೊದಲು ತಲಾ ಎಷ್ಟು ಸಿಕ್ಕಿತ್ತೆಂದೂ ಗೊತ್ತಿಲ್ಲ. ಆದರೂ ಎರಡನ್ನೂ ಹೇಳಬಹುದು. ಮರವಿಲ್ಲದವನ ಪೆಟ್ಟಿಗೆಯಲ್ಲಿರುವುದೇ ಆರಂಭದ ಹಣ. ಮರ ಹೆಚ್ಚಿದಂತೆ ಹಣ ಎಷ್ಟು ಕಡಿದಾಗಿ ಏರುತ್ತದೆ ಎನ್ನುವುದು ವರ್ಷಗಳ ಲೆಕ್ಕ. ನಕ್ಷೆ ಬರೆದರೆ ಐದು ಚುಕ್ಕೆಗಳೂ ಒಂದೇ ಗೆರೆಯ ಮೇಲೆ ಬೀಳುತ್ತವೆ. ಬೀಳದಿದ್ದರೆ ಯಾರೋ ನಡುವೆ ಕೈಯಾಡಿಸಿದ್ದಾರೆ ಎಂದರ್ಥ. ಅಂದರೆ ಈ ಗಡಿಯಾರ ಕೆಟ್ಟಿದ್ದರೆ ಕೆಟ್ಟಿದ್ದೇನೆ ಎಂದು ತಾನೇ ಹೇಳುತ್ತದೆ.

ಹಾಸನ ಜಿಲ್ಲೆಯ ಗೊರೂರಿನ ನೈಸ್ ಬಂಡೆ ಸುಮಾರು 336 ಕೋಟಿ ವರ್ಷದ್ದು ಎಂದು 1980ರಲ್ಲಿ ಜಗತ್ತಿಗೆ ತಿಳಿದದ್ದು ಈ ಬಗೆಯ ಗೆರೆಯಿಂದಲೇ. ಅಲ್ಲಿ ತೆಂಗಿನಮರ ಎಂದರೆ ರುಬಿಡಿಯಂ 87, ಪೆಟ್ಟಿಗೆಯ ಹಣ ಎಂದರೆ ಸ್ಟ್ರಾನ್ಷಿಯಂ 87. ರುಬಿಡಿಯಂನ ಅರ್ಧಾಯು ಸುಮಾರು 5,000 ಕೋಟಿ ವರ್ಷ, ಆದ್ದರಿಂದ ಮರ ಸಾಯುವ ಚಿಂತೆ ಹೆಚ್ಚಿಲ್ಲ. ಆದರೆ ಒಂದು ಅಪಾಯವಿದೆ. ಬಂಡೆ ಮತ್ತೆ ಕಾದು ಕುದಿದರೆ ಅಣ್ಣತಮ್ಮಂದಿರು ಪುನಃ ಒಂದಾಗಿ, ಇದ್ದ ಹಣವನ್ನೆಲ್ಲ ಸೇರಿಸಿ ಸಮ ಹಂಚಿಕೊಂಡಂತಾಗುತ್ತದೆ. ಮರಗಳು ಹಾಗೇ ಉಳಿದರೂ ಗಡಿಯಾರ ಸೊನ್ನೆಗೆ ಬರುತ್ತದೆ. ಆಗ ನಾವು ಅಳೆಯುವುದು ಎರಡನೆಯ ಹಿಸ್ಸೆಯ ದಿನಾಂಕ.

ಇಡೀ ಭೂಮಿಗೆ ಇದನ್ನು ಅನ್ವಯಿಸುವುದು ಹೇಗೆ? ಮರವೇ ಇಲ್ಲದ ತಮ್ಮನನ್ನು ಎಲ್ಲಿ ಹುಡುಕುವುದು? ಭೂಮಿಯ ಮೇಲೆ ಅವನಿಲ್ಲ. ಇಲ್ಲಿನ ಮೊದಲ ಕಲ್ಲುಗಳೆಲ್ಲ ಕರಗಿ, ಕೊಚ್ಚಿ, ಒಳಗೆ ಸೆಳೆದುಕೊಂಡು ಮುಗಿದವು. ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಅವನನ್ನು ಹಿಡಿದದ್ದು ಆಕಾಶದಿಂದ ಬಿದ್ದ ಕಬ್ಬಿಣದಲ್ಲಿ. ಅಮೆರಿಕದ ಅರಿಜೋನಾದಲ್ಲಿ ಬೃಹತ್ ಕುಳಿ ತೋಡಿದ ಕ್ಯಾನ್ಯನ್ ಡಿಯಾಬ್ಲೋ ಉಲ್ಕೆಯ ತುಣುಕುಗಳಲ್ಲಿ ಕಬ್ಬಿಣದ ಸಲ್ಫೈಡ್ ಉಂಡೆಗಳಿವೆ. ಅವುಗಳಲ್ಲಿ ಸೀಸವಿದೆ, ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿದ ದಿನದ ಸೀಸ ಅಲ್ಲಿ ಹಾಗೆಯೇ ಕೂತಿತ್ತು. ಯುರೇನಿಯಂ ಇರುವ ಕಲ್ಲಿನ ಉಲ್ಕೆಗಳು ಮರವಿರುವ ಅಣ್ಣಂದಿರು. ಇಲ್ಲಿ ಮರ ಎಣಿಸುವ ಕೆಲಸವೂ ತಪ್ಪಿತು. ಎರಡು ಯುರೇನಿಯಂಗಳು ಬೇರೆ ಬೇರೆ ವೇಗದಲ್ಲಿ ಎರಡು ಸೀಸಗಳನ್ನು ಕೊಡುವುದರಿಂದ ಸೀಸಗಳ ಅನುಪಾತವೊಂದೇ ಸಾಕಾಯಿತು. ಮೂರು ಕಲ್ಲಿನ ಉಲ್ಕೆ, ಎರಡು ಕಬ್ಬಿಣದ ಉಲ್ಕೆ, ಒಂದೇ ಗೆರೆ. 1956ರಲ್ಲಿ ಅವರು ಪ್ರಕಟಿಸಿದ ಉತ್ತರ 455 ಕೋಟಿ ವರ್ಷ, 7 ಕೋಟಿ ಆಚೀಚೆ.

ಉಲ್ಕೆಯ ವಯಸ್ಸು ಭೂಮಿಗೆ ಹೇಗೆ ಸಂದಿತು ಎಂದು ಕೇಳುವವರು ಜಾಣರು. ಪ್ಯಾಟರ್ಸನ್ ಸಮುದ್ರತಳದ ಕೆಸರಿನ ಸೀಸವನ್ನೂ ಅಳೆದಿದ್ದರು. ನದಿಗಳು ಎಲ್ಲೆಲ್ಲಿಂದಲೋ ತಂದು ಬೆರೆಸಿದ ಆ ಕೆಸರು ಭೂಮಿಯ ಸರಾಸರಿ ಸೀಸಕ್ಕೆ ಹತ್ತಿರ. ಅದರ ಚುಕ್ಕೆಯೂ ಉಲ್ಕೆಗಳ ಗೆರೆಯ ಮೇಲೆಯೇ ಬಿತ್ತು. ಭೂಮಿ ಅದೇ ಕುಟುಂಬದ್ದು, ಅದೇ ಹಿಸ್ಸೆಯಲ್ಲಿ ಬೇರೆಯಾದದ್ದು.

ಈ ಕೆಲಸ ಮಾಡುವಾಗ ಪ್ಯಾಟರ್ಸನ್‌ಗೆ ಒಂದು ವಿಚಿತ್ರ ಕಾಟ. ಎಷ್ಟು ಅಳೆದರೂ ಸೀಸ ಇರಬೇಕಾದ್ದಕ್ಕಿಂತ ಹೆಚ್ಚೇ ಬರುತ್ತಿತ್ತು. ಗಾಳಿಯಲ್ಲಿ, ಧೂಳಿನಲ್ಲಿ, ಗಾಜಿನಲ್ಲಿ, ತನ್ನ ಕೂದಲಲ್ಲೂ ಸೀಸ. ನಮ್ಮಲ್ಲಿ ಮಡಿಯ ಅಡುಗೆಮನೆ ಇರುತ್ತದಲ್ಲ, ಅದಕ್ಕಿಂತ ಕಟ್ಟುನಿಟ್ಟಿನ ಪ್ರಯೋಗಾಲಯ ಕಟ್ಟಿದ ಮೇಲೆಯೇ ಅಳತೆ ಹತೋಟಿಗೆ ಬಂದದ್ದು. ಅಷ್ಟು ಸೀಸ ಎಲ್ಲಿಂದ ಬಂತೆಂದು ಬೆನ್ನುಹತ್ತಿದಾಗ ಸಿಕ್ಕಿದ ದೊಡ್ಡ ಕಳ್ಳ ಪೆಟ್ರೋಲ್. ಅದಕ್ಕೆ ಸೀಸ ಬೆರೆಸುವುದರ ವಿರುದ್ಧ ಅವರು ವರ್ಷಗಟ್ಟಲೆ ಹೋರಾಡಿದರು. ಭಾರತದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದಲ್ಲಿ.

ಈಗ ಪುಸ್ತಕಗಳಲ್ಲಿ ಕಾಣುವ ಅಂಕಿ 454 ಕೋಟಿ. ಆದರೆ ಮತ್ತದೇ ಮನೆಯ ಪ್ರಶ್ನೆ: ಎಲ್ಲಿಂದ ಎಣಿಸಿದ್ದು? ಸೌರಮಂಡಲದಲ್ಲಿ ಮೊಟ್ಟಮೊದಲು ಗಟ್ಟಿಯಾದ ಕಣಗಳು ಕೆಲವು ಉಲ್ಕೆಗಳಲ್ಲಿ ಬಿಳಿ ಚುಕ್ಕೆಗಳಾಗಿ ಉಳಿದಿವೆ. ಅವುಗಳ ವಯಸ್ಸು 456.7 ಕೋಟಿ ವರ್ಷ, ಅದರಲ್ಲಿ ಅನುಮಾನವೇ ಇಲ್ಲವೆನ್ನಬಹುದು. ಭೂಮಿ ಮಾತ್ರ ಒಂದು ದಿನ ಹುಟ್ಟಿದ್ದಲ್ಲ, ಕೋಟ್ಯಂತರ ವರ್ಷ ಉಂಡೆಗಟ್ಟುತ್ತ ಬೆಳೆದದ್ದು. ನಡುವೆ ದೊಡ್ಡ ಗೋಳವೊಂದು ಬಂದು ಅಪ್ಪಳಿಸಿ ಚಂದ್ರನಾಯಿತು ಎಂಬುದು ಈಗ ಬಹುತೇಕರು ಒಪ್ಪುವ ವಿವರಣೆ. 454 ಎಂಬುದು ಮುಹೂರ್ತದ ಗಳಿಗೆಯಲ್ಲ, ಗೃಹಪ್ರವೇಶದ ಹಂಗಾಮು ಎಂದುಕೊಂಡರೆ ಸರಿ.

ಸಂಕಲ್ಪದಲ್ಲಿ "ಶ್ವೇತವರಾಹಕಲ್ಪೇ" ಎಂದು ಹೇಳುವವರಿಗೆ ಇಲ್ಲೊಂದು ಆಸೆ ಮೂಡುವುದು ಸಹಜ. ಒಂದು ಕಲ್ಪ ಎಂದರೆ 432 ಕೋಟಿ ವರ್ಷ, ಭೂಮಿಗೆ 454, ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂಬ ಸಂದೇಶ ವಾಟ್ಸ್ಯಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಆ ಎಣಿಕೆಯನ್ನು ಪೂರ್ತಿ ಓದಿದರೆ ಈ ಕಲ್ಪದಲ್ಲಿ ಕಳೆದಿರುವುದು ಸುಮಾರು 197 ಕೋಟಿ ವರ್ಷ ಮಾತ್ರ. ಹಾಗಾದರೆ ಲಾಲ್‌ಬಾಗ್ ಬಂಡೆ ಈ ಕಲ್ಪಕ್ಕೂ ಹಿಂದಿನದಾಗಬೇಕು! ಅಷ್ಟು ದೊಡ್ಡ ಕಾಲವನ್ನು ಊಹಿಸುವ ಎದೆಗಾರಿಕೆ ಅವರಿಗಿತ್ತು ಎನ್ನುವುದು ದೊಡ್ಡ ಮಾತೇ. ಅಂಕಿ ಹತ್ತಿರ ಬಂದದ್ದು ಮಾತ್ರ ಕಾಕತಾಳೀಯ.

ಖಂಡಗಳ ವಿಷಯಕ್ಕೆ ಬರೋಣ. ಇಲ್ಲಿನ ನಾಯಕ ಜಿರ್ಕಾನ್ ಎಂಬ ಸಣ್ಣ ಹರಳು, ಹೆಚ್ಚುಪಾಲು ರವೆಯ ಕಾಳಿಗಿಂತ ಚಿಕ್ಕದು. ಗ್ರಾನೈಟಿನಂಥ ಕಲ್ಲು ಕರಗಿದ ಸ್ಥಿತಿಯಿಂದ ಗಟ್ಟಿಯಾಗುವಾಗ ಇದು ಹುಟ್ಟುತ್ತದೆ. ಹುಟ್ಟುವಾಗ ಯುರೇನಿಯಂಗೆ ಒಳಗೆ ಜಾಗ ಕೊಡುತ್ತದೆ, ಸೀಸವನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಹಾಗಾಗಿ ಇಂದು ಒಳಗೆ ಕಾಣುವ ಸೀಸವೆಲ್ಲ ಹೆಚ್ಚುಕಡಿಮೆ ಅಲ್ಲೇ ಹುಟ್ಟಿದ್ದು, ಆರಂಭದ ಹಣದ ತಕರಾರೇ ಇಲ್ಲ. ಮೇಲಾಗಿ ಒಂದೇ ಹರಳಿನಲ್ಲಿ ಎರಡು ಗಡಿಯಾರ. 336 ಕೋಟಿ ವರ್ಷದ ಜಿರ್ಕಾನ್ ಒಂದನ್ನು ಊಹಿಸಿಕೊಳ್ಳಿ. ಅದರಲ್ಲಿ ಯುರೇನಿಯಂ 238ರ 100 ಪರಮಾಣು ಉಳಿದಿದ್ದರೆ ಸೀಸ 206 ಸುಮಾರು 68 ಇರಬೇಕು. ಯುರೇನಿಯಂ 235ರ ಒಂದೇ ಒಂದು ಉಳಿದಿದ್ದರೆ ಸೀಸ 207 ಸುಮಾರು 26. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಹೇಳದಿದ್ದರೆ ನಡುವೆ ಯಾವಾಗಲೋ ಸೀಸ ಸೋರಿದೆ. ಎರಡೂ ಎಷ್ಟೆಷ್ಟು ತಪ್ಪು ಹೇಳುತ್ತಿವೆ ಎಂದು ಹಲವು ಹರಳುಗಳಲ್ಲಿ ನೋಡಿ ಹುಟ್ಟಿದ ಕಾಲವನ್ನೂ, ಎಷ್ಟೋ ಸಲ ಸೋರಿದ ಕಾಲವನ್ನೂ ಹೊರತೆಗೆಯುತ್ತಾರೆ.

ಜಿರ್ಕಾನ್ ಸಾಯುವುದು ಅಪರೂಪ. ಬಂಡೆ ಸವೆದು ಮರಳಾದರೂ ಅದು ಉಳಿಯುತ್ತದೆ. ಆ ಮರಳು ಮತ್ತೆ ಕಲ್ಲಾಗಿ, ಕಾದು, ಹೊಸ ಶಿಲಾಪಾಕದಲ್ಲಿ ಮುಳುಗಿದರೂ ಎಷ್ಟೋ ಸಲ ಒಳತಿರುಳು ಹಾಗೇ ಉಳಿದು, ಹೊರಗೆ ಹೊಸ ಪದರ ಬೆಳೆಯುತ್ತದೆ. ಹೆಬ್ಬಾಗಿಲಿನ ಹಳೇ ಚೌಕಟ್ಟು ನೆನಪಾಯಿತೇ? ಹರಳನ್ನು ಇಡಿಯಾಗಿ ಕರಗಿಸಿ ಅಳೆದರೆ ಎರಡು ವಯಸ್ಸು ಕಲಸಿಹೋಗಿ ಯಾವುದೂ ಅಲ್ಲದ ಮೂರನೆಯದು ಸಿಗುತ್ತದೆ. ಇದಕ್ಕಾಗಿ ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಯಂತ್ರವೊಂದು ಕೂದಲೆಳೆಯ ಅರ್ಧದಷ್ಟೂ ಅಗಲವಿಲ್ಲದ ಜಾಗಕ್ಕೆ ಅಯಾನುಗಳನ್ನು ಹೊಡೆದು, ತಿರುಳನ್ನೂ ಸಿಪ್ಪೆಯನ್ನೂ ಬೇರೆ ಬೇರೆ ಅಳೆಯುತ್ತದೆ. ಹೆಸರು ಶ್ರಿಂಪ್, ಅಂದರೆ ಸೀಗಡಿ. ಗಾತ್ರ ಒಂದು ಕೋಣೆಯಷ್ಟು.

ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಒಂದು ಜಿರ್ಕಾನಿಗೆ 440 ಕೋಟಿ ವರ್ಷ. ಭೂಮಿಯಲ್ಲೇ ಹುಟ್ಟಿದ್ದರಲ್ಲಿ ನಮಗೆ ಸಿಕ್ಕ ಅತಿ ಹಳೆಯ ಚೂರು ಅದು. ಆದರೆ ಅದಿರುವ ಬಂಡೆ ಅದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಕಿರಿಯದು, ಹಳೆಯ ಮರಳು ಗಟ್ಟಿಯಾದದ್ದು. ಒಡಿಶಾದ ಚಂಪುವಾ ಬಳಿಯ ಬಂಡೆಯೊಂದರಲ್ಲಿ 424 ಕೋಟಿ ವರ್ಷದ ಹರಳು ಸಿಕ್ಕಿದೆ ಎಂದು 2018ರಲ್ಲಿ ವರದಿಯಾದಾಗ ಕೆಲವು ಕಡೆ "ಭಾರತದಲ್ಲಿ 424 ಕೋಟಿ ವರ್ಷದ ಬಂಡೆ" ಎಂಬಂತೆ ಸುದ್ದಿ ಓಡಾಡಿತು. ಚೌಕಟ್ಟಿನ ವಯಸ್ಸನ್ನು ಮನೆಗೆ ಹಚ್ಚಿದ ತಪ್ಪು. ಇಡೀ ಬಂಡೆಯೇ ಹಳೆಯದು ಎಂದು ನೆಚ್ಚಿ ಹೇಳಬಹುದಾದದ್ದು ಕೆನಡಾದ ಅಕಾಸ್ಟಾ ನೈಸ್, 403 ಕೋಟಿ ವರ್ಷ. ಅದೇ ದೇಶದ ಹಡ್ಸನ್ ಕೊಲ್ಲಿಯ ದಂಡೆಯಲ್ಲಿ ಇನ್ನೂ ಹಳೆಯ ಬಂಡೆಯಿದೆ ಎಂಬ ವಾದ ನಡೆದೇ ಇದೆ. ಅಲ್ಲಿನ ಹಳೆಯ ಕಪ್ಪು ಶಿಲೆಯಲ್ಲಿ ನೆಚ್ಚಿಕೊಳ್ಳುವಂಥ ಜಿರ್ಕಾನ್ ಇಲ್ಲದಿರುವುದೇ ಜಗಳದ ಮೂಲ.

ಜಿರ್ಕಾನ್ ಹೇಳುವುದು ಹರಳುಗಟ್ಟಿದ ಕಾಲ. ಅದಕ್ಕೂ ಮೊದಲು ಆ ದ್ರವ್ಯ ಭೂಗರ್ಭದಿಂದ ಯಾವಾಗ ಮೇಲೆದ್ದು ಬಂತು ಎಂಬುದು ಇನ್ನೊಂದು ಪ್ರಶ್ನೆ. ಮನೆಯ ಲೆಕ್ಕದಲ್ಲಿ ಇಟ್ಟಿಗೆಯ ಮಣ್ಣನ್ನು ಕೆರೆಯಿಂದ ಎತ್ತಿದ್ದು ಯಾವಾಗ ಎಂದ ಹಾಗೆ. ಅದಕ್ಕೆ ಅದೇ ಹರಳಿನೊಳಗಿನ ಹಾಫ್ನಿಯಂ ಎಂಬ ಇನ್ನೊಂದು ಮೂಲವಸ್ತು ಉತ್ತರ ಕೊಡುತ್ತದೆ.

ಫೂಟ್ ಮತ್ತು ಸ್ಮೀತ್ ಜಗಳದಲ್ಲಿ ಗೆದ್ದವರು ಇಬ್ಬರೂ. ನೈಸ್ ಒಂದೇ ಸಲ ಹುಟ್ಟಿದ್ದಲ್ಲ, ಸುಮಾರು 340 ಕೋಟಿ ವರ್ಷದ ಹಿಂದೆ ಶುರುವಾಗಿ ಕಂತುಕಂತಾಗಿ ಬಂದದ್ದು. ಧಾರವಾಡ ಎಂದು ಒಟ್ಟಿಗೆ ಎಣಿಸಿದ್ದ ಕಪ್ಪು ಶಿಲೆಗಳ ಪಟ್ಟಿಗಳೂ ಒಂದೇ ಕಾಲದವಲ್ಲ. ಸರಗೂರು, ಹೊಳೆನರಸೀಪುರದ ಕಡೆಯವು 300 ಕೋಟಿ ವರ್ಷಕ್ಕಿಂತ ಹಳೆಯವು, ಅವನ್ನು ಕಿರಿಯ ನೈಸ್ ನಿಜಕ್ಕೂ ಸೀಳಿದೆ. ಬಾಬಾಬುಡನ್, ಚಿತ್ರದುರ್ಗದವು ಕಿರಿಯವು, ಹಳೆಯ ನೈಸ್ ಮೇಲೆ ನಿಜಕ್ಕೂ ಕೂತಿವೆ. ಚಿತ್ರದುರ್ಗ ಜಿಲ್ಲೆಯ ತಾಳ್ಯದಲ್ಲಿ ಉರುಟು ಕಲ್ಲುಗಳು ಗಟ್ಟಿಯಾಗಿ ಆದ ಬಂಡೆಯಿದೆ. ಅದರಲ್ಲಿ ನೈಸ್ ಉರುಟುಗಳೇ ಸಿಗುತ್ತವೆ. ಕೊನೆಗೆ ಸುಮಾರು 251 ಕೋಟಿ ವರ್ಷದ ಹಿಂದೆ ಕ್ಲೋಸ್‌ಪೇಟ್ ಗ್ರಾನೈಟ್ ಇವೆಲ್ಲದರ ನಡುವೆ ಉದ್ದಕ್ಕೆ ನುಗ್ಗಿತು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೇ ಹೆಸರು. ಅಲ್ಲಿನ ಬೆಟ್ಟಗಳು ಆ ಗ್ರಾನೈಟಿನವೇ. ಸರಗೂರು ಗುಂಪಿನ ಮರಳಿನ ಮೂಲದ ಶಿಲೆಗಳಲ್ಲಿ 350 ಕೋಟಿ ವರ್ಷಕ್ಕೂ ಹಳೆಯ ಜಿರ್ಕಾನ್ ಸಿಕ್ಕಿವೆ. ಅವು ಹುಟ್ಟಿದ ಬಂಡೆ ಎಲ್ಲಿದೆ? ಬಹುಶಃ ಸವೆದೇ ಹೋಗಿದೆ, ಇಲ್ಲವೇ ನಮ್ಮ ಕಾಲಡಿ ಎಲ್ಲೋ ಆಳದಲ್ಲಿದೆ.

ಇಂಥ ದಿನಾಂಕಗಳ ಸರಣಿ ಖಂಡವೊಂದರ ಕುಲಗೋತ್ರ ಇದ್ದಂತೆ. ಮಡಗಾಸ್ಕರದ ಈಶಾನ್ಯ ಅಂಚಿನ ಅಂತೊಂಗಿಲ್ ಪ್ರದೇಶದಲ್ಲೂ 320 ಕೋಟಿ ವರ್ಷದ ಆಸುಪಾಸಿನ ನೈಸ್, ಅದರ ಮೇಲೆ 250 ಕೋಟಿ ವರ್ಷದ ಗ್ರಾನೈಟ್. ಎರಡು ದಂಡೆಗಳು ಒಂದೇ ಮನೆಯ ಎರಡು ಗೋಡೆಗಳೆಂದು ಹೇಳಲು ಇದೊಂದು ಸಾಕ್ಷಿ. ಮನೆ ಒಡೆದದ್ದು ಯಾವಾಗ ಎನ್ನುವುದಕ್ಕೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳಿವೆ. ಖಂಡ ಸೀಳುವಾಗ ಉಕ್ಕಿ ಆರಿದ ಆ ಲಾವಾಕ್ಕೆ ಸುಮಾರು 9 ಕೋಟಿ ವರ್ಷ.

ಗೊರೂರಿನ ಬಂಡೆಯನ್ನು ಹೇಮಾವತಿ ಇವತ್ತಿಗೂ ಸವೆಸುತ್ತಿದ್ದಾಳೆ. ಅಲ್ಲಿಂದ ಕಳಚಿದ ಜಿರ್ಕಾನ್ ಮೊದಲೆಲ್ಲ ಕಾವೇರಿ ಸೇರಿ ಬಂಗಾಳಕೊಲ್ಲಿಯವರೆಗೂ ಹೋಗಬಹುದಿತ್ತು. ಈಗ ದಾರಿಯಲ್ಲಿ ಕನ್ನಂಬಾಡಿ ಇದೆ, ಎಷ್ಟೋ ಹರಳು ಅದರ ಹೂಳಿನಲ್ಲೇ ಕೂರುತ್ತವೆ. ಆ ಹೂಳು ಮುಂದೆಂದೋ ಕಲ್ಲಾದರೆ ಅಣೆಕಟ್ಟಿನ ಕಾಲದ ಕಲ್ಲಾಗುತ್ತದೆ. ಒಳಗಿನ ಹರಳಿನಲ್ಲಿ ಮಾತ್ರ 336 ಕೋಟಿಗೆ ಆ ಮೇಲಿನ ವರ್ಷಗಳು ಸೇರುತ್ತ ಹೋಗಿರುತ್ತವೆ.